ಹಲ್ಲು ಮೂಡುವ ಮೊದಲಿನ ಮಾತು: ಮಕ್ಕಳ ಹಲ್ಲು ಮತ್ತು ವಿಟಮಿನ್ ಡಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. "ನೀವು ಹಲ್ಲಿನ ಡಾಕ್ಟರು, ಹಲ್ಲಿನ ವಿಷಯವನ್ನೇ ಮಾತಾಡಿ. ಆದರೆ ಕೇಳಿದವರು ಮನೆಗೆ ಹೋಗಿ ಏನಾದರೂ ಮಾಡುವ ಹಾಗಿರಬೇಕು" ಎಂದು ಷರತ್ತನ್ನೂ ಹಾಕಿದ್ದಾರೆ. ಷರತ್ತು ಸರಿಯಾಗಿಯೇ ಇದೆ. ಆದ್ದರಿಂದ ದಿನವೂ ನನ್ನ ಮುಂದೆ ಬರುವ ಒಂದು ಪ್ರಶ್ನೆಯನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಮಕ್ಕಳ ಹಲ್ಲಿಗೂ ವಿಟಮಿನ್ ಡಿಗೂ ಏನು ಸಂಬಂಧ? ಅದರ ಹನಿ, ಮಾತ್ರೆ, ಪುಡಿ ಯಾರಿಗೆ ಬೇಕು, ಯಾರಿಗೆ ಬೇಡ?

ಈಗ ಈ ಪ್ರಶ್ನೆ ಹೆಚ್ಚಾಗಿದೆ. ಐದು ವರ್ಷದ ಮಗುವನ್ನು ಕರೆದುಕೊಂಡು ತಾಯಿ ಬರುತ್ತಾರೆ. ಮೇಲಿನ ಮುಂದಿನ ನಾಲ್ಕು ಹಲ್ಲೂ ಕರಗಿ ಕಪ್ಪು ಬೇರು ಮಾತ್ರ ಉಳಿದಿರುತ್ತದೆ. "ಡಾಕ್ಟ್ರೇ, ವಿಟಮಿನ್ ಡಿ ಕಡಿಮೆಯಾಗಿ ಹೀಗಾಯ್ತಂತೆ. ಫೋನಿನಲ್ಲಿ ನೋಡಿದೆ. ಯಾವ ಟಾನಿಕ್ ಕೊಡಲಿ?" ಎಂದು ಕೇಳುತ್ತಾರೆ. ಅದೇ ದಿನ ಇನ್ನೊಬ್ಬ ತಾಯಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು, ತಮ್ಮ ಹಲ್ಲುನೋವಿಗೆ ಬರುತ್ತಾರೆ. ಕೂಸಿಗೆ ಡಿ ವಿಟಮಿನ್ ಹನಿ ಹಾಕುತ್ತಿದ್ದೀರಾ ಎಂದು ಕೇಳಿದರೆ, "ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದರು, ನಮ್ಮತ್ತೆ ಬೇಡ ಅಂದರು. ಅವರ ಕಾಲದಲ್ಲಿ ಅದೆಲ್ಲ ಎಲ್ಲಿತ್ತು ಅಂತಾರೆ" ಎಂಬ ಉತ್ತರ ಬರುತ್ತದೆ.

ಈ ಎರಡು ಮಾತುಗಳಲ್ಲೇ ನನ್ನ ಭಾಷಣದ ಸಾರವೆಲ್ಲ ಇದೆ. ಬೇಕಾದ ವಯಸ್ಸಿನಲ್ಲಿ ನಾವು ವಿಟಮಿನ್ ಡಿಯನ್ನು ಬಿಡುತ್ತೇವೆ. ಅದರಿಂದ ಆಗದ ಕೆಲಸಕ್ಕೆ, ಕಾಲ ಮೀರಿದ ಮೇಲೆ, ದುಡ್ಡು ಕೊಟ್ಟು ತರುತ್ತೇವೆ.

ಹಲ್ಲು ಯಾವಾಗ ಹುಟ್ಟುತ್ತದೆ?

ಕೂಸಿಗೆ ಆರೇಳು ತಿಂಗಳಾದಾಗ ಕೆಳಗಿನ ಒಸಡಿನಲ್ಲಿ ಬಿಳಿಯ ಚುಕ್ಕೆ ಕಾಣುತ್ತದೆ. ಹಲ್ಲು ಬಂತು ಎಂದು ಮನೆಯವರೆಲ್ಲ ಸಂಭ್ರಮಪಡುತ್ತೇವೆ. ಆದರೆ ಅದು ಹಲ್ಲು ಹೊರಗೆ ಕಾಣಿಸಿಕೊಂಡ ದಿನ. ಅದು ಹುಟ್ಟಿದ ದಿನ ಬಹಳ ಹಿಂದಿನದು. ತಾಯಿಯ ಗರ್ಭದಲ್ಲಿ ಮಗುವಿಗೆ ಸುಮಾರು 14 ವಾರ ತುಂಬುವ ಹೊತ್ತಿಗೆ ಹಾಲುಹಲ್ಲುಗಳಲ್ಲಿ ಸುಣ್ಣದಂಶ ಕೂಡಿಕೊಳ್ಳಲು ಶುರುವಾಗುತ್ತದೆ. ಇಪ್ಪತ್ತು ಹಾಲುಹಲ್ಲುಗಳೂ ಮಗು ಹುಟ್ಟುವ ಮೊದಲೇ ಒಸಡಿನೊಳಗೆ ತಯಾರಾಗುತ್ತಿರುತ್ತವೆ.

ಇನ್ನು ಶಾಶ್ವತ ಹಲ್ಲುಗಳಲ್ಲಿ ಮೊದಲನೆಯದು ಆರನೇ ವಯಸ್ಸಿನ ದವಡೆ ಹಲ್ಲು. ಅದು ಗಟ್ಟಿಯಾಗಲು ತೊಡಗುವುದು ಮಗು ಹುಟ್ಟುವ ಸುಮಾರಿನಲ್ಲಿ. ಮಗುವಿಗೆ ಮೂರು ವರ್ಷವಾಗುವ ಹೊತ್ತಿಗೆ ಅದರ ಮೇಲ್ಭಾಗ ಪೂರ್ತಿ ಸಿದ್ಧವಾಗಿರುತ್ತದೆ. ಆಮೇಲೆ ಮೂರು ವರ್ಷ ದವಡೆಯೊಳಗೇ ಇದ್ದು, ಒಂದನೇ ತರಗತಿಗೆ ಸೇರುವ ಹೊತ್ತಿಗೆ ಹೊರಗೆ ಬರುತ್ತದೆ.

ಹಲ್ಲಿನ ಮೇಲಿನ ಬಿಳಿಯ ಹೊದಿಕೆಗೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥ ಇನ್ನೊಂದಿಲ್ಲ. ಆದರೆ ಅದಕ್ಕೊಂದು ಕೊರತೆ ಇದೆ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಗಾಯವಾದ ಚರ್ಮ ಮಾಯುತ್ತದೆ. ತೂತು ಬಿದ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕುಂಬಾರಿಕೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಸಿ ಮಡಕೆಯನ್ನು ತಿದ್ದಬಹುದು, ಸುಟ್ಟ ಮಡಕೆಯನ್ನು ತಿದ್ದಲಾಗದು.

ವಿಟಮಿನ್ ಡಿಯ ಮುಖ್ಯ ಕೆಲಸ, ನಾವು ತಿಂದ ಆಹಾರದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕರುಳಿನಿಂದ ರಕ್ತಕ್ಕೆ ಸೇರಿಸುವುದು. ಮನೆ ಕಟ್ಟುವಾಗ ಇಟ್ಟಿಗೆ, ಸಿಮೆಂಟು ಬೀದಿಯಲ್ಲಿ ರಾಶಿ ಬಿದ್ದಿದ್ದರೂ ಒಳಗೆ ಹೊರುವ ಆಳು ಇಲ್ಲದಿದ್ದರೆ ಗೋಡೆ ಏಳುವುದಿಲ್ಲ. ಈ ಆಳಿನ ಕೆಲಸ ಡಿ ವಿಟಮಿನ್‌ನದು. ಅದು ತೀರಾ ಕಡಿಮೆಯಾದರೆ ಮಗುವಿಗೆ ರಿಕೆಟ್ಸ್ ಬರುತ್ತದೆ: ಕಾಲು ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ, ಹಲ್ಲು ತಡವಾಗಿ ಬರುತ್ತದೆ, ಬಂದ ಹಲ್ಲಿನ ಹೊದಿಕೆಯಲ್ಲಿ ಕುಳಿ, ಗೆರೆ ಇರುತ್ತವೆ. ಅಂಥ ಒರಟು ಹಲ್ಲಿನಲ್ಲಿ ಆಹಾರ ಕಚ್ಚಿಕೊಂಡು ಹುಳುಕು ಬೇಗ ಹಿಡಿಯುತ್ತದೆ.

ಇದು ಹೇಗೆ ಗೊತ್ತಾಯಿತು?

ಇದರ ಕತೆ ನೂರು ವರ್ಷ ಹಳೆಯದು. ಇಂಗ್ಲೆಂಡಿನ ಮೇ ಮೆಲನ್‌ಬಿ ಎಂಬ ವಿಜ್ಞಾನಿ 1918ರಲ್ಲಿ, ನಾಯಿಮರಿಗಳಿಗೆ ಬೇರೆ ಬೇರೆ ಆಹಾರ ಕೊಟ್ಟು ಅವುಗಳ ಹಲ್ಲು ಹೇಗೆ ಬೆಳೆಯುತ್ತದೆ ಎಂಬುದನ್ನು ಪ್ರಕಟಿಸಿದರು. ಕೆಲವು ಆಹಾರಗಳಲ್ಲಿ ಬೆಳೆದ ಮರಿಗಳ ಹಲ್ಲಿನ ಹೊದಿಕೆ ತೆಳ್ಳಗೆ, ದುರ್ಬಲವಾಗಿ ಇರುತ್ತಿತ್ತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟ ಮರಿಗಳ ಹಲ್ಲು ಚೆನ್ನಾಗಿರುತ್ತಿತ್ತು. ಅವರ ಪತಿ ಎಡ್ವರ್ಡ್ ಮೆಲನ್‌ಬಿ ಅದೇ ಕಾಲದಲ್ಲಿ ರಿಕೆಟ್ಸ್ ಮೇಲೆ ಕೆಲಸ ಮಾಡುತ್ತಿದ್ದರು. ಆ ಎಣ್ಣೆಯಲ್ಲಿರುವ ಸತ್ವಕ್ಕೆ ವಿಟಮಿನ್ ಡಿ ಎಂಬ ಹೆಸರು ಬಂದದ್ದು 1922ರಲ್ಲಿ, ಅಮೆರಿಕದ ಎಲ್ಮರ್ ಮೆಕಾಲಮ್ ಅವರಿಂದ. ಹೆಸರು ಬರುವ ಮೊದಲೇ ಅದರ ಕೆಲಸ ಹಲ್ಲಿನಲ್ಲಿ ಕಂಡಿತ್ತು.

ಆಮೇಲೆ ಮಕ್ಕಳ ಮೇಲೂ ಪ್ರಯೋಗಗಳಾದವು. ಬೇರೆ ಬೇರೆ ದೇಶಗಳ ಇಂಥ 24 ಪ್ರಯೋಗಗಳನ್ನು, ಒಟ್ಟು 2,827 ಮಕ್ಕಳ ಲೆಕ್ಕವನ್ನು, ಅಮೆರಿಕದ ಸಂಶೋಧಕರೊಬ್ಬರು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದರು. ವಿಟಮಿನ್ ಡಿ ಪಡೆದ ಮಕ್ಕಳಲ್ಲಿ ಹುಳುಕು ಸುಮಾರು ಅರ್ಧದಷ್ಟು ಕಡಿಮೆ ಎಂದು ಲೆಕ್ಕ ಬಂತು. ಫೋನಿನಲ್ಲಿ ಓಡಾಡುವ ಸುದ್ದಿಯ ಮೂಲ ಹೆಚ್ಚಾಗಿ ಇದೇ.

ಆದರೆ ಆ ವರದಿಯಲ್ಲೇ ಇನ್ನೊಂದು ಮಾತೂ ಇದೆ. ಆ ಪ್ರಯೋಗಗಳಲ್ಲಿ ಬಹುಪಾಲು ಹಳೆಯವು. ಆಗ ಫ್ಲೋರೈಡ್ ಪೇಸ್ಟು ಬಳಕೆಯಲ್ಲಿ ಇರಲಿಲ್ಲ. ಪ್ರಯೋಗ ನಡೆಸಿದ ಕ್ರಮವೂ ಎಲ್ಲ ಕಡೆ ಬಿಗಿಯಾಗಿರಲಿಲ್ಲ. ಆದ್ದರಿಂದ ಈ ಪುರಾವೆಯ ಮೇಲೆ ಹೆಚ್ಚು ಭಾರ ಹೊರಿಸಬೇಡಿ ಎಂದು ಬರೆದವರೇ ಎಚ್ಚರಿಸಿದ್ದಾರೆ.

ಈಚಿನ ಒಂದು ಒಳ್ಳೆಯ ಪ್ರಯೋಗ ಡೆನ್ಮಾರ್ಕ್ ದೇಶದ್ದು, 2019ರಲ್ಲಿ ಪ್ರಕಟವಾಯಿತು. ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಆರನೇ ತಿಂಗಳಿನಿಂದ ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್, ಇನ್ನೊಂದಕ್ಕೆ 2,800 ಯೂನಿಟ್ ವಿಟಮಿನ್ ಡಿ. ಆ ಮಕ್ಕಳಿಗೆ ಆರು ವರ್ಷವಾದಾಗ ಬಾಯಿ ನೋಡಿದರು. ಶಾಶ್ವತ ಹಲ್ಲಿನ ಹೊದಿಕೆಯಲ್ಲಿ ದೋಷವಿದ್ದ ಮಕ್ಕಳು ಮೊದಲ ಗುಂಪಿನಲ್ಲಿ ಶೇ. 27.5, ಎರಡನೆಯದರಲ್ಲಿ ಶೇ. 15.1. ಇದು ದೊಡ್ಡ ವ್ಯತ್ಯಾಸ. ಆದರೆ ಹುಳುಕು ಹಲ್ಲಿನ ವಿಷಯದಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ.

ಈ ಎರಡು ಸಾಲುಗಳನ್ನು ಒಟ್ಟಿಗೆ ನೆನಪಿಡಿ. ಹಲ್ಲು ಕಟ್ಟುವ ಕಾಲದಲ್ಲಿ ಸಿಕ್ಕ ವಿಟಮಿನ್ ಡಿ ಹಲ್ಲಿನ ಗೋಡೆಯನ್ನು ಚೆನ್ನಾಗಿ ಕಟ್ಟುತ್ತದೆ. ಆದರೆ ಗೋಡೆ ಚೆನ್ನಾಗಿದ್ದ ಮಾತ್ರಕ್ಕೆ ದಿನವೂ ಸಕ್ಕರೆ ಸುರಿದರೆ ಹುಳುಕು ಬಾರದೆ ಇರುವುದಿಲ್ಲ. ಇನ್ನೊಂದು ಮಾತು, 2,800 ಯೂನಿಟ್ ಎಂಬುದು ಪ್ರಯೋಗದಲ್ಲಿ ವೈದ್ಯರ ಕಣ್ಣೆದುರು ಕೊಟ್ಟ ಪ್ರಮಾಣ. ನಾವಾಗಿ ಅಂಗಡಿಯಲ್ಲಿ ಕೇಳಿ ತರಬೇಕಾದದ್ದಲ್ಲ.

ಗರ್ಭಿಣಿಯ ದೊಡ್ಡ ಮಾತ್ರೆ

ಹಾಗಾದರೆ ನಮ್ಮ ಊರಿನ ಗರ್ಭಿಣಿಯರು ಏನು ಮಾಡಬೇಕು? ಉತ್ತರ ಅವರ ಮನೆಯಲ್ಲೇ ಇದೆ, ಎಷ್ಟೋ ಕಡೆ ಡಬ್ಬಿಯಲ್ಲಿ ಹಾಗೇ ಬಿದ್ದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆಯ ಜೊತೆ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರಲ್ಲ, ಅದು ಬರೀ ಕ್ಯಾಲ್ಸಿಯಂ ಅಲ್ಲ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯ ಪ್ರಕಾರ ಒಂದೊಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ ಇರಬೇಕು. 14ನೇ ವಾರದಿಂದ ಶುರುಮಾಡಿ, ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆ.

ಈ ಮಾತ್ರೆ ಕೊಡುವ ಮುಖ್ಯ ಉದ್ದೇಶ ಗರ್ಭಿಣಿಗೆ ರಕ್ತದೊತ್ತಡ ಏರಿ ಅಪಾಯವಾಗುವುದನ್ನು ತಪ್ಪಿಸುವುದು. ಆದರೆ ವಾರದ ಲೆಕ್ಕ ನೋಡಿ. 14ನೇ ವಾರ ಎಂದರೆ ಹೊಟ್ಟೆಯೊಳಗಿನ ಮಗುವಿನ ಹಾಲುಹಲ್ಲು ಗಟ್ಟಿಯಾಗಲು ತೊಡಗುವ ಸಮಯವೇ. ಮಾತ್ರೆ ದೊಡ್ಡದು, ಗಂಟಲಿಗೆ ಇಳಿಯುವುದಿಲ್ಲ, ಮಲಬದ್ಧತೆಯಾಗುತ್ತದೆ ಎಂದು ಬಿಟ್ಟುಬಿಡುವವರಿದ್ದಾರೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ಊಟವಾದ ಮೇಲೆ ನುಂಗಿ. ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ತೆಗೆದುಕೊಳ್ಳಬೇಡಿ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿ. ಒಂದು ಹೊತ್ತಿಗೆ ಕಬ್ಬಿಣ, ಬೇರೆ ಎರಡು ಹೊತ್ತಿಗೆ ಕ್ಯಾಲ್ಸಿಯಂ ಎಂದು ಇಟ್ಟುಕೊಳ್ಳಿ. ತೊಂದರೆ ಅನಿಸಿದರೆ ಆಶಾ ಅಕ್ಕನನ್ನು ಕೇಳಿ, ಮಾತ್ರೆ ಎಸೆಯಬೇಡಿ.

ಕೂಸಿನ ಹನಿ

ಎದೆಹಾಲಿಗೆ ಸಮನಾದ ಆಹಾರ ಕೂಸಿಗೆ ಇನ್ನೊಂದಿಲ್ಲ. ಆದರೆ ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಅದಕ್ಕೇ ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಮೊದಲ ಒಂದು ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡಿ ಎನ್ನುತ್ತದೆ. ಇದು ಮೊದಲಿಗೆ ಮೂಳೆಗಾಗಿ, ರಿಕೆಟ್ಸ್ ಬಾರದಿರಲು. ಅದೇ ವರ್ಷದಲ್ಲಿ ಮಗುವಿನ ಮೊದಲ ಶಾಶ್ವತ ದವಡೆ ಹಲ್ಲೂ ಒಳಗೆ ಕಟ್ಟಿಕೊಳ್ಳುತ್ತಿರುತ್ತದೆ ಎಂಬುದನ್ನು ಹಲ್ಲಿನ ಡಾಕ್ಟರಾಗಿ ನಾನು ಸೇರಿಸುತ್ತೇನೆ.

ಒಂದು ಎಚ್ಚರಿಕೆ. ಎಲ್ಲ ಬಾಟಲಿಗಳೂ ಒಂದೇ ಅಲ್ಲ. ಒಂದು ಮಿಲಿಗೆ 400 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 800 ಯೂನಿಟ್ ಇರುವುದೂ ಸಿಗುತ್ತದೆ. ಮೊದಲನೆಯದಾದರೆ ಒಂದು ಮಿಲಿ, ಎರಡನೆಯದಾದರೆ ಅರ್ಧ ಮಿಲಿ. ಪಕ್ಕದ ಮನೆಯವರು ಹೇಳಿದ ಅಳತೆ ನಿಮ್ಮ ಬಾಟಲಿಗೆ ಹೊಂದಬೇಕೆಂದಿಲ್ಲ. ಬಾಟಲಿ ಬದಲಾದಾಗಲೆಲ್ಲ ಚೀಟಿ ಓದಿ, ಓದಲು ಬಾರದಿದ್ದರೆ ನರ್ಸಮ್ಮನ ಕೈಲಿ ಓದಿಸಿ.

ಬಿಸಿಲು ಇರುವ ನಾಡಿನಲ್ಲಿ ಕೊರತೆ ಏಕೆ?

ಇಷ್ಟು ಬಿಸಿಲಿರುವ ನಮಗೆ ಕೊರತೆಯೇ ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 2016ರಿಂದ 18ರವರೆಗೆ ದೇಶದ ಮಕ್ಕಳ ಪೋಷಣೆಯ ಸಮಗ್ರ ಸಮೀಕ್ಷೆ ನಡೆಯಿತು. ವಿಟಮಿನ್ ಡಿ ಕೊರತೆ ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 14, ಐದರಿಂದ ಒಂಬತ್ತರವರಲ್ಲಿ ಶೇ. 18, ಹತ್ತರಿಂದ ಹತ್ತೊಂಬತ್ತರವರಲ್ಲಿ ಶೇ. 24. ನಮ್ಮ ಪ್ರೌಢಶಾಲೆಯ ವಯಸ್ಸಿನವರಲ್ಲೇ ಹೆಚ್ಚು. ತರಗತಿ ಮುಗಿದರೆ ಟ್ಯೂಷನ್, ಟ್ಯೂಷನ್ ಮುಗಿದರೆ ಫೋನು. ಹೆಣ್ಣುಮಕ್ಕಳಿಗೆ ಮೈದಾನವೇ ದೂರ.

ಬೆಳಗಿನ ಎಳೆಬಿಸಿಲು ಒಳ್ಳೆಯದು ಎಂಬುದು ನಮ್ಮ ನಂಬಿಕೆ. ಹಿತವಾಗಿರುವುದೇನೋ ನಿಜ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡುವ ಕಿರಣ ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ನಮ್ಮ ನೆರೆಯ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಇದಕ್ಕೆ ತಕ್ಕದ್ದು ಎಂದು ಕಂಡುಬಂತು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ಹಾಗೆಂದು ಎಳೆ ಕೂಸನ್ನು ನಡು ಮಧ್ಯಾಹ್ನ ಬಿಸಿಲಿಗೆ ಮಲಗಿಸಬೇಡಿ, ಅದಕ್ಕೆ ಹನಿಯೇ ಸರಿ. ಶಾಲಾ ಮಕ್ಕಳಿಗೆ ಕೈಕಾಲಿಗೆ ಬಿಸಿಲು ತಾಗುವಂತೆ ಆಟ ಬೇಕು. ದೈಹಿಕ ಶಿಕ್ಷಣದ ಗುರುಗಳಲ್ಲಿ ನನ್ನ ವಿನಂತಿ: ಬೇಸಗೆಯ ಧಗೆಯ ದಿನಗಳನ್ನು ಬಿಟ್ಟು, ಆಟದ ಅವಧಿಯನ್ನು ವಾರದಲ್ಲಿ ಕೆಲವು ದಿನವಾದರೂ ಊಟಕ್ಕೆ ಮೊದಲು ಇಡಿ. ಗಣಿತದ ಮೇಷ್ಟ್ರು ಆ ಅವಧಿಯನ್ನು ಕೇಳಿದರೂ ಬಿಟ್ಟುಕೊಡಬೇಡಿ.

ಆಹಾರದ ಮಾತು. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವಷ್ಟಿಲ್ಲ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್ ಇದೆ. ವಿಟಮಿನ್ ಸೇರಿಸಿದ ಹಾಲಿನಲ್ಲಿ ನಿಯಮದ ಪ್ರಕಾರ ಲೀಟರಿಗೆ 200ರಿಂದ 300 ಯೂನಿಟ್ ಇರಬೇಕು. ಅಂಥ ಹಾಲಾದರೂ 150 ಮಿಲಿಯ ಒಂದು ಲೋಟದಲ್ಲಿ ಸಿಗುವುದು 30ರಿಂದ 45 ಯೂನಿಟ್. ವರ್ಷ ದಾಟಿದ ಮಗುವಿಗೆ ದಿನಕ್ಕೆ ಬೇಕಾದದ್ದು 600. ಆದ್ದರಿಂದ ಊಟ ಮತ್ತು ಬಿಸಿಲು ಎರಡೂ ಬೇಕು.

ಪುಡಿ ಪೊಟ್ಟಣದ ಅಪಾಯ

ಔಷಧಿ ಅಂಗಡಿಯಲ್ಲಿ 60,000 ಯೂನಿಟ್‌ನ ಪುಡಿ ಪೊಟ್ಟಣ ಸಿಗುತ್ತದೆ. ಕೊರತೆ ಇರುವವರಿಗೆ ವೈದ್ಯರು ಲೆಕ್ಕ ಹಾಕಿ ಬರೆಯುವ ಔಷಧಿ ಅದು. ಅಪ್ಪನಿಗೆ ಬರೆದದ್ದನ್ನು ಮಗುವಿಗೂ ಹಾಲಿನಲ್ಲಿ ಕಲಸಿ ಕುಡಿಸುವವರನ್ನು ಕಂಡಿದ್ದೇನೆ. ಲೆಕ್ಕ ನೀವೇ ಮಾಡಿ. ಒಂದು ಪೊಟ್ಟಣ ಎಂದರೆ ಕೂಸಿನ 150 ದಿನದ ಪ್ರಮಾಣ, ಶಾಲಾ ಮಗುವಿನ 100 ದಿನದ ಪ್ರಮಾಣ. ಹೆಚ್ಚಾದ ವಿಟಮಿನ್ ಡಿ ಮೂತ್ರದಲ್ಲಿ ಹೊರಹೋಗದೆ ಮೈಯ ಕೊಬ್ಬಿನಲ್ಲಿ ನಿಲ್ಲುತ್ತದೆ. ಮೇಲಿಂದ ಮೇಲೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಮಂಕು ಬರುತ್ತದೆ, ಮೂತ್ರಪಿಂಡವೇ ಕೆಡಬಹುದು. ವೈದ್ಯರ ಚೀಟಿ ಇಲ್ಲದೆ ಮಕ್ಕಳಿಗೆ ಈ ಪೊಟ್ಟಣ ಬೇಡವೇ ಬೇಡ.

ಹಲ್ಲು ಬಂದ ಮೇಲೆ

ಈಗ ಮೊದಲ ತಾಯಿಯ ಪ್ರಶ್ನೆಗೆ ಉತ್ತರ. ಆ ಮಗುವಿನ ಮುಂದಿನ ನಾಲ್ಕು ಹಲ್ಲು ಕರಗಲು ಸಾಮಾನ್ಯ ಕಾರಣ, ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಎನಾಮಲನ್ನು ಕರಗಿಸುತ್ತದೆ. ರಾತ್ರಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ. ಬೆಲ್ಲವೂ ಸಕ್ಕರೆಯೇ, ಅಂಟುವುದರಲ್ಲಿ ಒಂದು ಕೈ ಮೇಲು. ಅಂಗಡಿಯ ಐದು ರೂಪಾಯಿಯ ಬಿಸ್ಕತ್ತನ್ನು ಸಂಜೆಯವರೆಗೂ ಒಂದೊಂದೇ ತಿನ್ನುವುದಂತೂ ಹುಳುಕಿಗೆ ಆಮಂತ್ರಣ ಕೊಟ್ಟ ಹಾಗೆ. ಈ ತೂತನ್ನು ಯಾವ ಟಾನಿಕ್ಕೂ ಮುಚ್ಚುವುದಿಲ್ಲ. ಬಿಳಿಯ ಮಚ್ಚೆ ಮಾತ್ರ ಇರುವಾಗ ಬಂದರೆ ಫ್ಲೋರೈಡ್ ಲೇಪದಿಂದ ತಡೆಯಬಹುದು. ತೂತಾದ ಮೇಲೆ ಡಾಕ್ಟರ ಕೈಯೇ ಬೇಕು.

ಹಲ್ಲು ಕಂಡ ದಿನದಿಂದ ಎರಡು ಹೊತ್ತು ಉಜ್ಜಿ. ಫ್ಲೋರೈಡ್ ಇರುವ ಪೇಸ್ಟು, ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು. ಮಗು ನುಂಗದಂತೆ ದೊಡ್ಡವರು ನಿಂತು ಉಜ್ಜಿಸಬೇಕು. ಇಜ್ಜಲು, ಇಟ್ಟಿಗೆ ಪುಡಿ ಬೇಡ, ಎನಾಮಲ್ ಸವೆಯುತ್ತದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ನೆಂಟರಿರುವವರಿಗೆ ಒಂದು ಮಾತು. ಅಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಒಂದೂವರೆ ಮಿತಿ. ಅದು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ. ಅದು ವಿಟಮಿನ್ ಕೊರತೆಯೂ ಅಲ್ಲ, ಕೊಳಕೂ ಅಲ್ಲ. ವಿಟಮಿನ್ ಡಿಯಿಂದ ಹೋಗುವುದೂ ಇಲ್ಲ. ಅಲ್ಲಿ ಮೊದಲು ನೀರಿನ ಪರೀಕ್ಷೆ ಆಗಬೇಕು. ಮಗುವಿಗೆ ಯಾವ ಪೇಸ್ಟು ಎಂದು ಅಲ್ಲಿನ ದಂತವೈದ್ಯರನ್ನು ಕೇಳಬೇಕು.

ಶಾಲೆಗೆ ಒಂದು ಕೆಲಸ

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಅದರ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಬಾರಿ ಬರಬೇಕು. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ವಿಟಮಿನ್ ಡಿ ಕೊರತೆಯೂ ಇದೆ, ಹುಳುಕು ಹಲ್ಲೂ ಇದೆ. ತಂಡ ಬಂದ ದಿನ ಮಕ್ಕಳನ್ನು ಶಾಲೆ ತಪ್ಪಿಸಬೇಡಿ. ಅವರು ಬರೆದುಕೊಟ್ಟ ಚೀಟಿಯನ್ನು ಪುಸ್ತಕದ ನಡುವೆ ಮರೆಯಬೇಡಿ.

ಮಕ್ಕಳೇ, ನಿಮಗೊಂದು ಮನೆಗೆಲಸ. ಆರೇಳು ವರ್ಷದ ತಮ್ಮನೋ ತಂಗಿಯೋ ಇದ್ದರೆ ಇಂದು ರಾತ್ರಿ ಬೆಳಕು ಹಿಡಿದು ಬಾಯಿ ನೋಡಿ. ಮುಂದಿನ ನಡುವಿನಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಐದು ಹಾಲುಹಲ್ಲುಗಳ ಹಿಂದೆ ಆರನೆಯದು ದೊಡ್ಡದೊಂದು ಇದ್ದರೆ, ಅದು ಹಾಲುಹಲ್ಲಲ್ಲ. ಬಿದ್ದು ಮತ್ತೆ ಬರುವುದಿಲ್ಲ. ಬೀಳುವ ಹಲ್ಲು ಎಂದುಕೊಂಡು ಮನೆಯವರು ಹುಳುಕು ಬಿಡುವುದು ಹೆಚ್ಚಾಗಿ ಈ ಹಲ್ಲನ್ನೇ, ಎಂಟು ವರ್ಷಕ್ಕೇ ಕೀಳಿಸಿಕೊಂಡು ಹೋದ ಮಕ್ಕಳಿದ್ದಾರೆ. ಅದರ ಗೆರೆಗಳಲ್ಲಿ ಕಪ್ಪು ಕಂಡರೆ ಅಪ್ಪ ಅಮ್ಮನಿಗೆ ಹೇಳಿ. ಕಪ್ಪು ಇಲ್ಲದಿದ್ದರೂ ಒಮ್ಮೆ ತೋರಿಸಿ. ಆ ಗೆರೆಗಳಿಗೆ ಸೀಲೆಂಟ್ ಎಂಬ ಲೇಪ ಹಾಕಿ ಹುಳುಕು ತಡೆಯಬಹುದು.

ಐವತ್ತು ವರ್ಷ ಈ ಶಾಲೆ ನಮ್ಮೂರಿನ ಮಕ್ಕಳಿಗೆ ಅಕ್ಷರ ಕೊಟ್ಟಿದೆ. ಹಲ್ಲುನೋವಿನಿಂದ ರಾತ್ರಿ ನಿದ್ದೆಗೆಟ್ಟ ಮಗುವಿಗೆ ಆ ಅಕ್ಷರ ತಲೆಗೆ ಹೋಗುವುದಿಲ್ಲ ಎಂಬುದು ನನ್ನೆದುರಿನ ಗುರುಗಳಿಗೆಲ್ಲ ಗೊತ್ತು. ಗರ್ಭಿಣಿಗೆ ಮಾತ್ರೆ, ಕೂಸಿಗೆ ಹನಿ, ಮಗುವಿಗೆ ಬಿಸಿಲು ಮತ್ತು ಬ್ರಷ್ಷು. ಯಾವುದು ಯಾವಾಗ ಎಂಬುದೊಂದು ನೆನಪಿದ್ದರೆ ಸಾಕು.